ಗುಲಾಬಿ ನೀರಿನ ಕೇಕು, ಸಂಜೆಯ ಚಹಾ ಮತ್ತು ಒಂದು ಚಿಟಿಕೆ ಪಾಷಾಣ



ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಳನ್ನು ಓದಿದವರಿಗೆ ಒಂದು ದೃಶ್ಯ ಚಿರಪರಿಚಿತ. ಹಳ್ಳಿಯ ಒಂದು ಮನೆ, ಸಂಜೆ ನಾಲ್ಕರ ಹೊತ್ತು, ಪಿಂಗಾಣಿ ಬಟ್ಟಲುಗಳಲ್ಲಿ ಚಹಾ, ತಟ್ಟೆಯಲ್ಲಿ ಕೇಕಿನ ಹೋಳುಗಳು. ಸ್ವಲ್ಪ ಹೊತ್ತಿನಲ್ಲೇ ಯಾರೋ ಒಬ್ಬರು ಸತ್ತು ಬೀಳುತ್ತಾರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಇಂಥ ಕಾದಂಬರಿಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ರೆಕಾರ್ಡ್ ಪುಸ್ತಕದೊಳಗೆ ಬಚ್ಚಿಟ್ಟು ಓದಿದವನು ನಾನು. ಕೇಕಿಗೂ ಕೊಲೆಗೂ ಈ ನಂಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ.

ಮೊದಲು ಕೇಕಿನ ವಿಷಯ ನೋಡೋಣ. ಇಂದು ಕೇಕು ಎಂದ ಕೂಡಲೇ ವೆನಿಲಾ ಪರಿಮಳ ನೆನಪಾಗುತ್ತದೆ. ಆದರೆ ಹದಿನೇಳು, ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಕೇಕಿಗೆ ಪರಿಮಳ ಕೊಡುತ್ತಿದ್ದದ್ದು ಹೂವು. ಗುಲಾಬಿ ನೀರು, ಇಲ್ಲವೇ ಕಿತ್ತಳೆ ಹೂವಿನ ನೀರು. ದೊಡ್ಡ ಮನೆಗಳಲ್ಲಿ ಇದಕ್ಕೆಂದೇ ಭಟ್ಟಿ ಇಳಿಸುವ ಒಂದು ಕೋಣೆ ಇರುತ್ತಿತ್ತು. ನೀವು ಪ್ರಯೋಗಾಲಯದಲ್ಲಿ ಮಾಡುವ ಆಸವನ ಕ್ರಿಯೆಯನ್ನೇ ಅಲ್ಲಿ ಮನೆಯೊಡತಿಯರು ಮಾಡುತ್ತಿದ್ದರು.

ಕೇಕು ಉಬ್ಬಬೇಕಲ್ಲ? ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಪೌಂಡ್ ಕೇಕಿನ ಕ್ರಮವಿದೆ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬೆಣ್ಣೆ, ಅಷ್ಟೇ ಹಿಟ್ಟು, ಅಷ್ಟೇ ಸಕ್ಕರೆ, ಹನ್ನೆರಡು ಮೊಟ್ಟೆ, ಒಂದಿಷ್ಟು ಸೀಮೆ ಜೀರಿಗೆ. ಇಷ್ಟನ್ನೂ ಸೇರಿಸಿ ಕೈಯಿಂದಲೋ ಮರದ ಸೌಟಿನಿಂದಲೋ ಒಂದು ಗಂಟೆ ಕಡೆಯಬೇಕು! ಬೆಣ್ಣೆ ಮತ್ತು ಮೊಟ್ಟೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಬಿಸಿಗೆ ಹಿಗ್ಗಿ ಕೇಕನ್ನು ಎತ್ತುತ್ತಿತ್ತು. ಕಡೆಯುವ ಕೈ ಯಾರದೆಂದು ಹೇಳಬೇಕಾಗಿಲ್ಲ, ಅಡುಗೆಯ ಹುಡುಗಿಯದು. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದ ಮೇಲೆ ಆ ಕೈಗಳಿಗೆ ಸ್ವಲ್ಪ ಬಿಡುವು ಸಿಕ್ಕಿರಬೇಕು.

ಗುಲಾಬಿಯನ್ನು ಹಿಂದಕ್ಕೆ ತಳ್ಳಿದ ವೆನಿಲಾದ ಹಿಂದೆಯೂ ಒಬ್ಬ ಸೇವಕನಿದ್ದಾನೆ. ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ 1841ರಲ್ಲಿ ವೆನಿಲಾ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದ. ನಮ್ಮ ಮಲೆನಾಡಿನಲ್ಲಿ 2000ದ ಆಸುಪಾಸಿನಲ್ಲಿ ವೆನಿಲಾ ಬಳ್ಳಿ ಹಬ್ಬಿಸಿದ ಮನೆಗಳವರು ಮುಂಜಾನೆ ಕಡ್ಡಿ ಹಿಡಿದು ಮಾಡುತ್ತಿದ್ದದ್ದು ಇದೇ ಕೆಲಸ.

ಚಹಾ ಬಡವರ ಮನೆಗೂ ಬಂದದ್ದು ತೆರಿಗೆ ಇಳಿದ ಮೇಲೆ. 1784ರ ಕಾಯಿದೆಯೊಂದು ಶೇಕಡ 119ರಷ್ಟಿದ್ದ ಸುಂಕವನ್ನು 12.5ಕ್ಕೆ ಇಳಿಸಿತು. ಮಧ್ಯಾಹ್ನಕ್ಕೂ ರಾತ್ರಿಗೂ ನಡುವೆ ಹಸಿವು ತಡೆಯಲಾರದೆ ಬೆಡ್‌ಫರ್ಡಿನ ಡಚೆಸ್ ಆನಾ 1840ರ ಸುಮಾರಿಗೆ ಸಂಜೆಯ ಚಹಾಕೂಟವನ್ನು ರೂಢಿಗೆ ತಂದಳೆಂದು ಹೇಳುತ್ತಾರೆ.

ಇನ್ನು ವಿಷದ ಮಾತು. ನಮ್ಮ ಹಿರಿಯರು ಶಂಖಪಾಷಾಣ ಎನ್ನುತ್ತಿದ್ದ ಬಿಳಿ ಆರ್ಸೆನಿಕ್ ನೋಡಲು ಹಿಟ್ಟಿನಂತೆ. ರುಚಿಯಿಲ್ಲ, ವಾಸನೆಯಿಲ್ಲ. ಇಲಿ ಕೊಲ್ಲಲೆಂದು ಯಾರು ಬೇಕಾದರೂ ಕೊಳ್ಳಬಹುದಿತ್ತು. 1815ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಚಾನ್ಸರಿ ಲೇನ್‌ನ ಟರ್ನರ್ ಎಂಬುವರ ಮನೆಯಲ್ಲಿ, ಎಲೈಜಾ ಫೆನ್ನಿಂಗ್ ಎಂಬ ಇಪ್ಪತ್ತರ ಆಸುಪಾಸಿನ ಅಡುಗೆಯ ಹುಡುಗಿ ಡಂಪ್ಲಿಂಗ್ ಮಾಡಿದಳು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ ಉಂಡೆ ಅದು, ನಮ್ಮ ಕಡುಬಿನ ದೂರದ ನೆಂಟ ಎನ್ನಿ. ತಿಂದ ಮನೆಯವರೆಲ್ಲ ಹೊಟ್ಟೆನೋವಿನಿಂದ ಒದ್ದಾಡಿದರು. ಯಾರೂ ಸಾಯಲಿಲ್ಲ. ಎಲೈಜಾ ಕೂಡ ತಿಂದಿದ್ದಳು, ಅವಳೂ ನರಳಿದಳು.

ಆದರೂ ಬಂಧನವಾದದ್ದು ಅವಳದೇ. ಇಲಿಪಾಷಾಣ ಕಚೇರಿಯ ಬೀಗವಿಲ್ಲದ ಡ್ರಾಯರಿನಲ್ಲಿತ್ತು. ಯಾರ ಕೈಗಾದರೂ ಸಿಗುವಂತಿತ್ತು. ಸಾಕ್ಷ್ಯ ಏನು ಗೊತ್ತೇ? ಹಿಟ್ಟು ಉಬ್ಬಲಿಲ್ಲ. ಡಂಪ್ಲಿಂಗ್ ಕತ್ತರಿಸಿದ ಚಾಕು ಕಪ್ಪಾಯಿತು. ವೈದ್ಯರೊಬ್ಬರು ಕಟಕಟೆಯಲ್ಲಿ ನಿಂತು ಇದು ಪಾಷಾಣದ ಗುರುತು ಎಂದರು. ಹಿಟ್ಟು ಉಬ್ಬದಿರಲು ಕೆಟ್ಟ ಯೀಸ್ಟ್, ತಣ್ಣನೆಯ ಕೋಣೆ ಹೀಗೆ ಹತ್ತು ಕಾರಣಗಳಿರುತ್ತವೆ. ಬಿಳಿ ಆರ್ಸೆನಿಕ್ ಚಾಕುವನ್ನು ಕಪ್ಪು ಮಾಡುವುದೂ ಇಲ್ಲ. ಒಂದು ಚಾಕು, ಒಂದು ಚಿಟಿಕೆ ಪಾಷಾಣ ತಂದು ಅದೇ ನ್ಯಾಯಾಲಯದಲ್ಲಿ ಪರೀಕ್ಷಿಸಬಹುದಿತ್ತು. ಯಾರೂ ಪರೀಕ್ಷಿಸಲಿಲ್ಲ. ಅಂಥ ಆರೋಪ ಹೊತ್ತವರ ಪರವಾಗಿ ವಕೀಲರು ಜ್ಯೂರಿಯನ್ನು ಉದ್ದೇಶಿಸಿ ಮಾತನಾಡಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ಆ ಹಕ್ಕು ಬಂದದ್ದು 1836ರಲ್ಲಿ. ಪತ್ರಕರ್ತ ವಿಲಿಯಂ ಹೋನ್ ಅವಳ ಪರವಾಗಿ ಬರೆದ. 1815ರ ಜುಲೈ 26ರಂದು ಅವಳನ್ನು ನೇಣಿಗೆ ಹಾಕಿದರು. ಶವಯಾತ್ರೆಯಲ್ಲಿ ಸಾವಿರಾರು ಜನ ನಡೆದರು.

1833ರಲ್ಲಿ ಇದಕ್ಕೆ ತಿರುಗುಮುರುಗಾದ ಘಟನೆಯೊಂದು ನಡೆಯಿತು. ತಾತನ ಕಾಫಿಗೆ ಪಾಷಾಣ ಬೆರೆಸಿದ ಆರೋಪ ಹೊತ್ತ ಜಾನ್ ಬಾಡಲ್ ಎಂಬಾತನ ವಿಚಾರಣೆಯಲ್ಲಿ, ರಸಾಯನಜ್ಞ ಜೇಮ್ಸ್ ಮಾರ್ಷ್ ಆರ್ಸೆನಿಕ್ಕನ್ನು ಗುರುತಿಸಿದ್ದ. ಆದರೆ ಅವನು ತೆಗೆದಿಟ್ಟ ಹಳದಿ ಗಸಿ ಜ್ಯೂರಿಯ ಕಣ್ಣಿಗೆ ಬೀಳುವ ಹೊತ್ತಿಗೆ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ರೇಗಿದ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದ. ಸತು ಮತ್ತು ಆಮ್ಲ ಸೇರಿ ಹೈಡ್ರೋಜನ್ ಹುಟ್ಟುತ್ತದೆ. ಮಾದರಿಯಲ್ಲಿ ಆರ್ಸೆನಿಕ್ ಇದ್ದರೆ ಅದು ಆರ್ಸೀನ್ ಅನಿಲವಾಗಿ ಹೊರಬರುತ್ತದೆ. ಆ ಅನಿಲವನ್ನು ಉರಿಸಿ ಜ್ವಾಲೆಗೆ ತಣ್ಣನೆಯ ಪಿಂಗಾಣಿ ಹಿಡಿದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಮೂಡುತ್ತದೆ. ಅಂಥ ಕಲೆಯನ್ನು ಜ್ಯೂರಿಗೆ ತೋರಿಸಬಹುದು. 1851ರ ಕಾಯಿದೆ ಪಾಷಾಣ ಕೊಂಡವರ ಹೆಸರು ಬರೆದಿಡಬೇಕೆಂದೂ, ಚಿಲ್ಲರೆಯಾಗಿ ಮಾರುವ ಪಾಷಾಣಕ್ಕೆ ಮಸಿಯನ್ನೋ ನೀಲಿಯನ್ನೋ ಬೆರೆಸಬೇಕೆಂದೂ ವಿಧಿಸಿತು. ಹಿಟ್ಟಿನ ಬಣ್ಣದ ಸಾವಿಗೆ ಬೇರೆ ಬಣ್ಣ ಬಂತು.

ಈ ಭಯ ತಣ್ಣಗಾದ ಮೇಲೆಯೇ ಅದು ಓದುವ ಸುಖವಾಗಿ ಬದಲಾದದ್ದು ಎಂದು ನನ್ನ ಅನಿಸಿಕೆ. ಮೊದಲ ಮಹಾಯುದ್ಧದಲ್ಲಿ ಟಾರ್ಕಿ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದ ಅಗಾಥಾ ಕ್ರಿಸ್ಟಿಗೆ ವಿಷಗಳ ತೂಕ ಅಳತೆ ಚೆನ್ನಾಗಿ ಗೊತ್ತಿತ್ತು. 1920ರಲ್ಲಿ ಬಂದ ಆಕೆಯ ಮೊದಲ ಕಾದಂಬರಿಯ ಗುಟ್ಟೇ ಒಂದು ರಾಸಾಯನಿಕ ಕ್ರಿಯೆ. 1950ರ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ನಲ್ಲಿ ನಿರಾಶ್ರಿತಳಾಗಿ ಬಂದ ಅಡುಗೆಯವಳು ಮಿಟ್ಸಿ ಒಂದು ಚಾಕೊಲೇಟ್ ಕೇಕು ಮಾಡುತ್ತಾಳೆ. ಮನೆಯವರು ಅದಕ್ಕೆ ಇಟ್ಟ ಹೆಸರು ‘ರುಚಿಕರ ಸಾವು’! ಆಗ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ ಇನ್ನೂ ಪಡಿತರದಲ್ಲಿದ್ದವು. ಯುದ್ಧಕಾಲದಲ್ಲಿ, 1940ರ ಜುಲೈನಿಂದ, ಚಹಾ ತಲೆಗೆ ವಾರಕ್ಕೆ ಎರಡೇ ಔನ್ಸ್ ಇತ್ತು. ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಕಾದಂಬರಿಯನ್ನು ಮೊದಲ ಬಾರಿ ಓದಿದ ಅಲ್ಲಿನವರ ಬಾಯಲ್ಲಿ ನೀರೂರಿಸಿದ್ದು ಕೊಲೆಗಾರನ ಹೆಸರೋ, ಆ ಕೇಕಿನಲ್ಲಿದ್ದ ಬೆಣ್ಣೆಯೋ?