ಚಂದ್ರನ ಮೇಲಿನ ಹೆಜ್ಜೆಗುರುತು ಮತ್ತು ಒಂದು ವದಂತಿ

1969ರ ಜುಲೈ 21. ಭಾರತದಲ್ಲಿ ಬೆಳಗ್ಗೆ ಸುಮಾರು ಎಂಟೂವರೆ ಗಂಟೆ. ಅಮೆರಿಕದಲ್ಲಿ ಆಗಿನ್ನೂ 20ರ ರಾತ್ರಿ. ನೀಲ್ ಆರ್ಮ್‌ಸ್ಟ್ರಾಂಗ್ ಏಣಿಯಿಂದಿಳಿದು ಚಂದ್ರನ ಮಣ್ಣಿನ ಮೇಲೆ ಕಾಲಿಟ್ಟರು. ಇಪ್ಪತ್ತು ನಿಮಿಷದೊಳಗೆ ಎಡ್ವಿನ್ ಆಲ್ಡ್ರಿನ್ ಕೂಡ ಇಳಿದರು. ಇಬ್ಬರೂ ಸುಮಾರು ಎರಡೂವರೆ ಗಂಟೆ ಅಲ್ಲಿ ಓಡಾಡಿ, ಇಪ್ಪತ್ತೊಂದು ಕಿಲೋಗಿಂತ ಹೆಚ್ಚು ಕಲ್ಲು-ಮಣ್ಣು ಸಂಗ್ರಹಿಸಿದರು.

ಈ ಯಾತ್ರೆಯ ಹಿಂದೆ ಜ್ಞಾನದ ಹಸಿವು ಮಾತ್ರ ಇರಲಿಲ್ಲ, ಶೀತಲ ಸಮರದ ಪೈಪೋಟಿಯೂ ಇತ್ತು. 1957ರಲ್ಲಿ ಸ್ಪುಟ್ನಿಕ್ ಹಾರಿಸಿದ್ದ ಸೋವಿಯತ್ ಒಕ್ಕೂಟ 1961ರ ಏಪ್ರಿಲ್‌ನಲ್ಲಿ ಯೂರಿ ಗಗಾರಿನ್‌ರನ್ನು ಅಂತರಿಕ್ಷಕ್ಕೆ ಕಳುಹಿಸಿತು. ಮರುತಿಂಗಳೇ ಅಧ್ಯಕ್ಷ ಕೆನಡಿ, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನಿಗೆ ಕಳುಹಿಸಿ ಸುರಕ್ಷಿತವಾಗಿ ಮರಳಿ ತರುವ ಗುರಿಯನ್ನು ಪ್ರಕಟಿಸಿದರು. ಅದಕ್ಕಾಗಿ ಸುಮಾರು ನಾಲ್ಕು ಲಕ್ಷ ಮಂದಿ ದುಡಿದರು. 1967ರ ಜನವರಿಯಲ್ಲಿ ಅಪೋಲೋ-1ರ ಪರೀಕ್ಷೆಯ ವೇಳೆ ಬೆಂಕಿ ಬಿದ್ದು ಗ್ರಿಸಮ್, ವೈಟ್ ಮತ್ತು ಚಾಫಿ ಪ್ರಾಣ ತೆತ್ತರು.

ಇಳಿಯುವ ಗಳಿಗೆಯೂ ಸುಲಭದ್ದಾಗಿರಲಿಲ್ಲ. ಕಂಪ್ಯೂಟರ್ ಮತ್ತೆ ಮತ್ತೆ ಎಚ್ಚರಿಕೆ ನೀಡುತ್ತಿತ್ತು. ಅದು ಒಯ್ಯುತ್ತಿದ್ದ ಜಾಗದಲ್ಲಿ ದೊಡ್ಡ ಬಂಡೆಗಳಿದ್ದವು. ಆರ್ಮ್‌ಸ್ಟ್ರಾಂಗ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು, ಸಮತಟ್ಟಾದ ನೆಲ ಹುಡುಕಿ ನೌಕೆಯನ್ನು ಇಳಿಸಿದಾಗ ಒಂದು ನಿಮಿಷಕ್ಕೂ ಸಾಲದಷ್ಟು ಇಂಧನ ಉಳಿದಿತ್ತು. ಮೇಲೆ ಕೊಲಂಬಿಯಾ ನೌಕೆಯಲ್ಲಿ ಮೈಕೆಲ್ ಕಾಲಿನ್ಸ್ ಒಬ್ಬರೇ ಸುತ್ತುತ್ತಿದ್ದರು. ಚಂದ್ರನ ಹಿಂಬದಿಗೆ ಸರಿದಾಗಲೆಲ್ಲ ಭೂಮಿಯೊಂದಿಗಿನ ಅವರ ಸಂಪರ್ಕ ಕಡಿದುಹೋಗುತ್ತಿತ್ತು. ಅವರು ಚಂದ್ರನ ಮೇಲೆ ಕಾಲಿಡಲಿಲ್ಲ, ಆದರೆ ಅವರಿಲ್ಲದೆ ಉಳಿದಿಬ್ಬರು ಮನೆಗೆ ಮರಳುವಂತಿರಲಿಲ್ಲ.

ಆ ದಿನಗಳ ಇನ್ನೊಂದು ಚಿತ್ರವನ್ನೂ ಮರೆಯಬಾರದು. ಉಡಾವಣೆಯ ಹಿಂದಿನ ದಿನ, ಜುಲೈ 15ರಂದು, ಮಾರ್ಟಿನ್ ಲೂಥರ್ ಕಿಂಗ್‌ರ ಒಡನಾಡಿ ರಾಲ್ಫ್ ಅಬರ್ನಾಥಿ ಬಡ ಕುಟುಂಬಗಳೊಂದಿಗೆ, ಹೇಸರಗತ್ತೆಗಳ ಗಾಡಿಯ ಸಮೇತ ಫ್ಲೋರಿಡಾದ ಉಡಾವಣಾ ಕೇಂದ್ರಕ್ಕೆ ಬಂದರು. ಹಸಿದವರಿರುವ ದೇಶದಲ್ಲಿ ಇಷ್ಟೊಂದು ಖರ್ಚು ನ್ಯಾಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ನಾಸಾದ ಮುಖ್ಯಸ್ಥ ಥಾಮಸ್ ಪೇಯ್ನ್ ಹೊರಗೆ ಬಂದು ಅವರ ಮಾತು ಕೇಳಿದರು. ಅಬರ್ನಾಥಿ ಯಾತ್ರಿಕರ ಕ್ಷೇಮಕ್ಕಾಗಿ ಪ್ರಾರ್ಥಿಸಿದರು, ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮೂವರೂ ವಿಶ್ವ ಪ್ರವಾಸದ ನಡುವೆ ಮುಂಬಯಿಗೂ ಬಂದರು. ಆದರೆ ಕೀರ್ತಿಯ ಬೆನ್ನಿಗೇ ಕಟ್ಟುಕತೆಗಳೂ ಹುಟ್ಟಿದವು. ಇಡೀ ಯಾತ್ರೆಯೇ ಸ್ಟುಡಿಯೋದಲ್ಲಿ ನಡೆದ ನಾಟಕ ಎಂಬುದು ಒಂದು. ಅವರು ಅಲ್ಲಿ ನೆಟ್ಟುಬಂದ ಪ್ರತಿಫಲಕದಿಂದ ಲೇಸರ್ ಕಿರಣಗಳು ಭೂಮಿಗೆ ಮರಳಿ ಬಂದು ಅದಕ್ಕೆ ಉತ್ತರ ಹೇಳಿವೆ.

ಇನ್ನೊಂದು ಕತೆ ಮುಸ್ಲಿಮ್ ಸಮಾಜದಲ್ಲೇ ಹಬ್ಬಿದ್ದು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅದಾನ್ ಕೇಳಿದರಂತೆ, ಮರಳಿದ ಮೇಲೆ ಇಸ್ಲಾಮ್ ಸ್ವೀಕರಿಸಿದರಂತೆ. ಈಜಿಪ್ಟ್‌ನಿಂದ ಇಂಡೋನೇಶ್ಯದವರೆಗೆ ಈ ಸುದ್ದಿ ಓಡಾಡಿತು. ಗಾಳಿಯೇ ಇಲ್ಲದ ಚಂದ್ರನಲ್ಲಿ ಶಬ್ದ ಸಂಚರಿಸುವುದು ಹೇಗೆಂದು ಯಾರೂ ಕೇಳಲಿಲ್ಲ. ಕೊನೆಗೆ 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ಮುಸ್ಲಿಮ್ ದೇಶಗಳಲ್ಲಿನ ತನ್ನ ರಾಯಭಾರ ಕಚೇರಿಗಳಿಗೆ ಸಂದೇಶ ಕಳುಹಿಸಿತು: ಮತಾಂತರದ ವರದಿ ನಿಜವಲ್ಲ, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಆರ್ಮ್‌ಸ್ಟ್ರಾಂಗ್‌ರಿಗಿಲ್ಲ.

ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ನೋಡಿ ಎಂದು ಕುರ್‌ಆನ್ ತಾಕೀತು ಮಾಡುತ್ತದೆ. ಆ ತಾಕೀತನ್ನು ಮರೆತೇ ಧರ್ಮದ ಹೆಸರಿನಲ್ಲಿ ಈ ಸುದ್ದಿ ಹಂಚಲಾಯಿತು. ಸತ್ಯವಾದ ಧರ್ಮಕ್ಕೆ ಸುಳ್ಳಿನ ಊರುಗೋಲು ಏಕೆ?

ಹೆಮ್ಮೆಪಡಲು ನಿಜವಾದ ಸಂಗತಿಗಳೇ ಇದ್ದವು. ಈಜಿಪ್ಟ್‌ನ ಝಗಾಝಿಗ್‌ನಲ್ಲಿ ಹುಟ್ಟಿದ ಭೂವಿಜ್ಞಾನಿ ಫಾರೂಕ್ ಅಲ್ ಬಾಝ್, ಅಪೋಲೋ ನೌಕೆಗಳು ಇಳಿಯಬೇಕಾದ ಜಾಗ ಆರಿಸುವ ಸಮಿತಿಯ ಕಾರ್ಯದರ್ಶಿಯಾಗಿದ್ದರು. ಚಂದ್ರನ ನೆಲವನ್ನು ಕಣ್ಣಿಟ್ಟು ನೋಡುವುದು ಹೇಗೆಂದು ಯಾತ್ರಿಕರಿಗೆ ಕಲಿಸಿದವರಲ್ಲಿ ಅವರೂ ಒಬ್ಬರು. ಬೆಳಕಿನ ಶಾಸ್ತ್ರಕ್ಕೆ ತಳಪಾಯ ಹಾಕಿದ ಇಬ್ನುಲ್ ಹೈಸಮ್ ಮತ್ತು ಭಾರತದ ಬಗ್ಗೆ ಉದ್ಗ್ರಂಥ ಬರೆದ ಅಲ್ ಬಿರೂನಿಯ ಹೆಸರನ್ನು ಹೊತ್ತ ಕುಳಿಗಳು ಚಂದ್ರನ ಮೇಲಿವೆ. ಕಟ್ಟುಕತೆಯನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತಿದ್ದವು?

ಆರ್ಮ್‌ಸ್ಟ್ರಾಂಗ್ ಕೀರ್ತಿಯ ಬೆನ್ನು ಹತ್ತಲಿಲ್ಲ. 1971ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯ ಸೇರಿ ಎಂಟು ವರ್ಷ ಪಾಠ ಹೇಳಿದರು. ಸಾವಿರಾರು ಜನರ ದುಡಿಮೆಯ ಫಲ ಒಬ್ಬನ ಹೆಸರಿಗೆ ಸಲ್ಲಬಾರದೆಂಬ ಸಂಕೋಚ ಅವರಲ್ಲಿತ್ತು. 2012ರಲ್ಲಿ ಅವರೂ, 2021ರಲ್ಲಿ ಕಾಲಿನ್ಸ್‌ರೂ ನಿಧನರಾದರು. ಮಾಡಿದ ಸಾಧನೆಗಿಂತ ಹೆಚ್ಚಿನದನ್ನು ತನ್ನದೆನ್ನದ ಮನುಷ್ಯನ ಮೇಲೆ, ಆತ ಮಾಡದ್ದನ್ನು ಹೊರಿಸುವುದು ಗೌರವವಲ್ಲ. ಅವರನ್ನು ಅವರಿದ್ದಂತೆಯೇ ನೆನೆಯುವುದು ಗೌರವ.