ಲಿನಿಯನ್ ಸೊಸೈಟಿಯ ಸದಸ್ಯತ್ವ: ತಿರಸ್ಕೃತವಾದ ಒಂದು ಹೆಸರು

ವಿದ್ವತ್ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಅಲ್ಲಿ ಮಂಡಿತವಾದ ಪ್ರಬಂಧಗಳನ್ನು ಗಮನಿಸುವಷ್ಟು ಸದಸ್ಯರನ್ನು ಆರಿಸಿಕೊಂಡ ಬಗೆಯನ್ನು ಗಮನಿಸುವುದಿಲ್ಲ. ಲಂಡನ್ನಿನಲ್ಲಿ 1788ರಲ್ಲಿ ಸ್ಥಾಪಿತವಾದ ಲಿನಿಯನ್ ಸೊಸೈಟಿಗೆ ಸೇರಬಯಸುವವರ ಪರವಾಗಿ, ಅವರನ್ನು ಬಲ್ಲ ಸದಸ್ಯರು ಶಿಫಾರಸು ಪತ್ರಕ್ಕೆ ಸಹಿ ಮಾಡಬೇಕಾಗಿತ್ತು. ಅನಂತರ ಗುಪ್ತ ಮತದಾನ ನಡೆಯುತ್ತಿತ್ತು. ಬೆಂಬಲಿಸಿದವರ ಹೆಸರು ಬಹಿರಂಗವಾಗಿರುತ್ತಿತ್ತು, ವಿರೋಧಿಸಿದವರದು ಅಲ್ಲ. ಮುಂದೆ ಹೇಳಲಿರುವ ಪ್ರಕರಣಕ್ಕೆ ಈ ವ್ಯತ್ಯಾಸವೇ ಮುಖ್ಯವಾದುದು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ಸದಸ್ಯತ್ವ ಪುರುಷರಿಗೆ ಮಾತ್ರ ಮೀಸಲಾಗಿತ್ತು. 1897ರಲ್ಲಿ ಬಿಯಾಟ್ರಿಕ್ಸ್ ಪಾಟರ್ ಅಣಬೆಗಳ ಬೀಜಾಣುಗಳ ಕುರಿತು ಬರೆದ ಪ್ರಬಂಧವನ್ನು ಜಾರ್ಜ್ ಮಾಸ್ಸೀ ಎಂಬ ಸದಸ್ಯರ ಮೂಲಕವೇ ಸಭೆಯ ಮುಂದಿಡಬೇಕಾಯಿತು. ಈ ನಿರ್ಬಂಧದ ವಿರುದ್ಧ 1900ರಲ್ಲಿ ಮನವಿ ಸಲ್ಲಿಸಿದವರು ಮೇರಿಯನ್ ಫಾರ್ಕ್ವಾರ್‌ಸನ್. ಬ್ರಿಟನ್ನಿನ ಜರೀಗಿಡಗಳ ಕುರಿತು 1881ರಲ್ಲಿ ಕೈಪಿಡಿಯೊಂದನ್ನು ಪ್ರಕಟಿಸಿದ್ದ ಇವರು 1885ರಲ್ಲಿ ರಾಯಲ್ ಮೈಕ್ರೋಸ್ಕೋಪಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾಗಿದ್ದರು. ಆದರೆ ಅಲ್ಲಿ ಸಭೆಗೆ ಹೋಗುವ, ಮತ ಹಾಕುವ ಹಕ್ಕುಗಳಿರಲಿಲ್ಲ. ಆದುದರಿಂದಲೇ ಈ ಬಾರಿ ಅವರು ಕೇಳಿದ್ದು ಸಕಲ ಹಕ್ಕುಗಳುಳ್ಳ ಸದಸ್ಯತ್ವವನ್ನು.

ಸಸ್ಯಶಾಸ್ತ್ರಜ್ಞ ರೆನಾಲ್ಡ್ಸ್ ಗ್ರೀನ್ ಈ ಬೇಡಿಕೆಯನ್ನು ಬೆಂಬಲಿಸಿದರು. 1903ರ ಮತದಾನದಲ್ಲಿ 54 ಮಂದಿ ಪರವಾಗಿಯೂ 17 ಮಂದಿ ವಿರುದ್ಧವಾಗಿಯೂ ಮತ ನೀಡಿದರು. 1904ರಲ್ಲಿ ಪೂರಕ ಸನ್ನದು ದೊರೆಯಿತು. ಆ ವರ್ಷದ ಕೊನೆಯಲ್ಲಿ 16 ಮಹಿಳೆಯರ ಹೆಸರುಗಳು ಮತಕ್ಕೆ ಬಂದವು. ಗುಲಿಯೆಲ್ಮಾ ಲಿಸ್ಟರ್, ಎಥೆಲ್ ಸಾರ್ಜಂಟ್, ಮಾರ್ಗರೆಟ್ ಬೆನ್ಸನ್ ಮೊದಲಾದ 15 ಮಂದಿ ಆಯ್ಕೆಯಾದರು. ತಿರಸ್ಕೃತವಾದ ಏಕೈಕ ಹೆಸರು ಫಾರ್ಕ್ವಾರ್‌ಸನ್ ಅವರದು!

ಗುಪ್ತ ಮತದಾನವು ಕಾರಣಗಳನ್ನು ದಾಖಲಿಸುವುದಿಲ್ಲ. ಅವರ ಪ್ರಕಟಿತ ಕಾರ್ಯ ಅಲ್ಪವೆಂದು ವಾದಿಸಬಹುದು. ಸಾರ್ಜಂಟ್ ಅಥವಾ ಬೆನ್ಸನ್ ಅವರ ಸಂಶೋಧನೆಯೊಡನೆ ಅದು ತೂಗದು ಎಂಬುದೂ ನಿಜವೇ. ಆದರೆ ಹವ್ಯಾಸಿ ನಿಸರ್ಗಪ್ರಿಯರಾದ ಪುರುಷರಿಗೆ ಸೊಸೈಟಿಯಲ್ಲಿ ಎಂದೂ ಕೊರತೆಯಿರಲಿಲ್ಲ. ಅವರಿಗೆ ಅನ್ವಯಿಸದ ಅಳತೆಗೋಲು ಈಕೆಗೆ ಮಾತ್ರ ಏಕೆ? ಬದಲಾವಣೆಯನ್ನು ತಡೆಯಲಾಗದವರು ಅದನ್ನು ತಂದವರ ಮೇಲೆ ಮುನಿಸು ತೀರಿಸಿಕೊಂಡರೆಂದು ಭಾವಿಸುವುದೇ ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ.

ಇದೇ ಕಾಲದಲ್ಲಿ, 1902ರಲ್ಲಿ, ರಾಯಲ್ ಸೊಸೈಟಿಯು ವಿವಾಹಿತೆಯೆಂಬ ಕಾರಣಕ್ಕೆ ಹರ್ಥಾ ಆಯರ್ಟನ್ ಅವರ ನಾಮನಿರ್ದೇಶನವನ್ನು ನಿರಾಕರಿಸಿತ್ತು. ಅಲ್ಲಿ ಮಹಿಳೆಯರು ಆಯ್ಕೆಯಾದದ್ದು 1945ರಲ್ಲಿ.

ಫಾರ್ಕ್ವಾರ್‌ಸನ್ ಅವರ ಹೆಸರು ಪುನಃ ಮತಕ್ಕೆ ಬಂದು 1908ರಲ್ಲಿ ಅಂಗೀಕೃತವಾಯಿತು. ಆ ವೇಳೆಗೆ ಅವರ ಆರೋಗ್ಯ ಕೆಟ್ಟಿತ್ತು. ಲಂಡನ್ನಿಗೆ ಬಂದು ಸದಸ್ಯರ ಪುಸ್ತಕದಲ್ಲಿ ಸಹಿ ಮಾಡಲು ಅವರಿಂದಾಗದೆ, 1912ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಿಧನರಾದರು.