ನಂಜು ಮತ್ತು ಸಂಗಮ

ನಂಜನಗೂಡಿನ ಸ್ನಾನಘಟ್ಟದಲ್ಲಿ ಕಪಿಲೆಗೆ ಬಿಟ್ಟ ಹೂವು ದಡಕ್ಕೆ ಸಿಕ್ಕಿಕೊಳ್ಳದಿದ್ದರೆ ತಿ. ನರಸೀಪುರದ ಸಂಗಮಕ್ಕೆ ಬಂದೇ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಯಕೃತ್ತಿಗೇ ಏಕೆ ಹರಡುತ್ತದೆ ಎಂಬುದು ನನಗೆ ಅರ್ಥವಾದದ್ದು ಈ ಹೊಳೆಯಿಂದ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ, ಪೋರ್ಟಲ್ ಎಂಬ ದೊಡ್ಡ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತಿಗೆ ಹರಿಯುತ್ತದೆ. ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳೂ ಅದೇ ಹರಿವಿನಲ್ಲಿ ಬಂದು ಅಲ್ಲಿ ಬೇರೂರುತ್ತವೆ.

ನಮ್ಮ ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಹೋಗುತ್ತಿದ್ದಾಗ ಮನೆಯವರೆಲ್ಲ ಅದನ್ನು ಮೂಲವ್ಯಾಧಿ ಎಂದುಕೊಂಡೆವು. ಕೊನೆಗೆ ‘ಲಿವರ್‌ಗೆ ಹರಡಿದೆ’ ಎಂಬ ಮಾತು ಕೇಳಿದ ದಿನವೇ ಅವರನ್ನು ಊರಿಗೆ ಕರೆತಂದೆವು. ಆ ಮಾತಿನ ಆಚೆಗೂ ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ನಮಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ಎರಡು ಇತಿಹಾಸಗಳು ಕೂಡಿದಾಗ.

ಮೊದಲನೆಯದು ಕತ್ತಿಯದು. 1888ರಲ್ಲಿ ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಆದರೆ ರಕ್ತಸ್ರಾವದ ಭಯದಿಂದ ಬಹುಕಾಲ ವೈದ್ಯರು ಆ ಅಂಗವನ್ನು ಮುಟ್ಟಲು ಹಿಂಜರಿದರು. 1957ರಲ್ಲಿ ಫ್ರಾನ್ಸಿನ ಕ್ಲೋಡ್ ಕ್ವಿನೋ, ಯಕೃತ್ತಿನಲ್ಲಿ 8 ಭಾಗಗಳಿವೆ, ಒಂದೊಂದಕ್ಕೂ ಅದರದೇ ರಕ್ತನಾಳವಿದೆ ಎಂದು ವಿವರಿಸಿದರು. ನಾಲೆಯ ಬಯಲಿನಲ್ಲಿ ಒಂದು ಗದ್ದೆಯ ತೂಬು ಮುಚ್ಚಿದರೆ ಪಕ್ಕದ ಗದ್ದೆ ಒಣಗುವುದಿಲ್ಲವಲ್ಲ, ಹಾಗೆ. ಆರೋಗ್ಯವಾಗಿರುವ ಯಕೃತ್ತು ಕತ್ತರಿಸಿದ ಮೇಲೆ ಮತ್ತೆ ಬೆಳೆಯುತ್ತದೆ ಕೂಡ.

ಎರಡನೆಯದು ನಂಜಿನದು. ನಂಜುಂಡನ ಊರಿನವರಿಗೆ ವಿಷವೂ ವೈದ್ಯವೂ ಹೊಸ ಜೋಡಿಯಲ್ಲ. ಟಿಪ್ಪು ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಇಲ್ಲಿನ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅದೇ 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಫ್ಲೋರೋಯುರಾಸಿಲ್ ಎಂಬ ಔಷಧಿಯನ್ನು ಪ್ರಕಟಿಸಿದರು. ಕ್ಯಾನ್ಸರ್ ಕೋಶ ತನ್ನ ಆಹಾರವೆಂದು ಮೋಸಹೋಗಿ ನುಂಗುವ ವಿಷ ಅದು. 1966ರಲ್ಲಿ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಅದರಿಂದ ತಯಾರಾದ ಇರಿನೊಟೆಕಾನ್ ಇಂದು ಹರಡಿದ ಕರುಳಿನ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಔಷಧಿಗಳಲ್ಲಿ ಒಂದು. ಆ ಬೇಡಿಕೆಗಾಗಿ ಘಟ್ಟದ ಮರಗಳು ಮಿತಿಮೀರಿ ಉರುಳಿದವು ಎಂಬುದನ್ನೂ ಮರೆಯಬಾರದು.

ಈ ಎರಡು ಹೊಳೆಗಳ ಸಂಗಮ 1996ರಲ್ಲಿ ಪ್ಯಾರಿಸ್ಸಿನಿಂದ ಬಂದ ಒಂದು ವರದಿಯಲ್ಲಿ ಕಾಣುತ್ತದೆ. ಆಪರೇಷನ್ ಸಾಧ್ಯವಿಲ್ಲ ಎಂದಿದ್ದ 330 ರೋಗಿಗಳಿಗೆ ಹೆನ್ರಿ ಬಿಸ್ಮುತ್ ಅವರ ತಂಡ ಮೊದಲು ಕಿಮೊಥೆರಪಿ ಕೊಟ್ಟಿತು. 53 ಜನರಲ್ಲಿ ಗಡ್ಡೆಗಳು ಕುಗ್ಗಿದವು, ಕತ್ತಿಗೆ ದಾರಿಯಾಯಿತು. ಆ 53 ಜನರಲ್ಲಿ ಐದು ವರ್ಷ ಬದುಕುವವರ ಅಂದಾಜು ಪ್ರಮಾಣ ನೂರಕ್ಕೆ 40. ಉಳಿದ 277 ಜನರಿಗೆ ಆ ದಾರಿ ತೆರೆಯಲಿಲ್ಲ ಎಂಬುದೂ ಅಷ್ಟೇ ನಿಜ. ಇಂದಿಗೂ ಎಲ್ಲರಿಗೂ ಅದು ತೆರೆಯುವುದಿಲ್ಲ.

ದೊಡ್ಡಪ್ಪ ಆ 53ರ ಸಾಲಿಗೆ ಸೇರುತ್ತಿದ್ದರೋ, 277ರ ಸಾಲಿಗೋ, ಹೇಳಲಾರೆ. ನಾವು ಕೇಳಲೇ ಇಲ್ಲ. ಅದಕ್ಕೇ ಈಗ ಪರಿಚಯದವರ ಮನೆಯಿಂದ ‘ಲಿವರ್‌ಗೆ ಹರಡಿದೆಯಂತೆ’ ಎಂದು ಫೋನ್ ಬಂದರೆ, ಸಮಾಧಾನದ ಮಾತಿಗೆ ಮುಂಚೆ ನಾನು ಹೇಳುವುದು ಇಷ್ಟು: “ಯಕೃತ್ತಿನ ಆಪರೇಷನ್ ಮಾಡುವ ವೈದ್ಯರಿಗೆ ಒಮ್ಮೆ ಸ್ಕ್ಯಾನ್ ತೋರಿಸಿ. ತೆಗೆಯಲು ಬರುತ್ತದೆಯೇ ಎಂದು ಕೇಳಿ. ಈಗ ಆಗದು ಎಂದರೆ, ಔಷಧಿ ಕೊಟ್ಟ ಮೇಲೆ ಮತ್ತೊಮ್ಮೆ ನೋಡುತ್ತೀರಾ ಎಂದು ಕೇಳಿ.”